ಸಾರಿಗೊಂದು ಸ್ಕ್ರೂ

ಡುಲೂತ್‌ನಲ್ಲಿ ಜುಲೈ ಅಂದರೂ ಬೆಳಗಿಗೆ ಸ್ವೆಟರ್ ಬೇಕು.
ಸರೋವರದ ಮಂಜು ಗುಡ್ಡ ಹತ್ತಿ ಬಂದು
ತಾಂತ್ರಿಕ ಕಾಲೇಜಿನ ಶಟರಿಗೆ ಮೂಗೊತ್ತಿ ನಿಂತಿರುತ್ತದೆ.
ಬೀಗ ತೆಗೆಯುವವಳು ನಾನು.
ಸಲಕರಣೆ ಕೋಣೆಯ ಲೆಕ್ಕ ನನ್ನದು:
ಸುತ್ತಿಗೆ ಹದಿನಾಲ್ಕು, ಮಟ್ಟಗೋಲು ಆರು,
ಕನ್ನಡಕ ಎಷ್ಟೋ, ಗೀರಿಲ್ಲದ್ದು ಒಂದೂ ಇಲ್ಲ.

ಬೇಸಿಗೆ ಶಿಬಿರಕ್ಕೆ ಹುಡುಗಿಯರು ಬಂದರು,
ಕರೆಯದೆ ಊಟಕ್ಕೆ ಬಂದವರ ಹಾಗೆ, ಗೋಡೆಗಂಟಿ.
ಬ್ರಯರ್ ಎಲ್ಲರಿಗಿಂತ ಎತ್ತರ,
ಅದಕ್ಕೇ ಭುಜ ಮಡಚಿಟ್ಟುಕೊಂಡಿದ್ದಳು, ಛತ್ರಿಯಂತೆ.
ಮೊಳೆ ಬಗ್ಗಿತು, ಮೊಳೆಗೆ ಸಾರಿ ಅಂದಳು.
ಹಲಗೆ ಜಾರಿತು, ಹಲಗೆಗೆ.
ನನ್ನ ಕಿಟಕಿಗೆ ಬಂದು
'ಸಾರಿ, ಒಂದು ಸುತ್ತಿಗೆ' ಎಂದಳು,
ಸುತ್ತಿಗೆ ನಮ್ಮಪ್ಪನ ಮನೆ ಗಂಟೇನೋ ಎಂಬಂತೆ.

ಲೆಂಪಿ ನೋಡಿದಳು. ಲೆಂಪಿ ಹಾರ್ಯು,
ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಪೈಪು ಕೂಡಿಸಿದವಳು,
ಆಡುವ ಮಾತೂ ಮುಕ್ಕಾಲು ಅಂಗುಲದ್ದು.
ಕಾಫಿಪುಡಿಯ ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ
'ಇನ್ನು ಮೇಲೆ ಸಾರಿಗೊಂದು ಸ್ಕ್ರೂ.
ಅಂದವರು ಹಾಕಬೇಕು. ನಾನು ಅಂದರೂ.'

ನನಗೆ ಒಳಗೊಳಗೇ ನಗು.
ನಮ್ಮ ಮಾತಿನಲ್ಲಿ ಸಾರಿ ಅಂದರೆ ಎಣಿಕೆ:
ಒಂದು ಸಾರಿ, ಎರಡು ಸಾರಿ,
ಎಷ್ಟು ಸಾರಿ ಹೇಳಬೇಕು ನಿನಗೆ.
ತಪ್ಪಿಗೆ ಬೇರೆ ಇದೆ: ತಪ್ಪಾಯ್ತು.
ಸಂಜೆಯಾಯ್ತು, ಊಟ ಆಯ್ತು ಅಂದ ಹಾಗೆ
ತಪ್ಪೂ ತಾನೇ ಆಗಿಬಿಡುತ್ತದೆ,
ಮಾಡಿದವರ ಹೆಸರು ಇರುವುದೇ ಇಲ್ಲ ವಾಕ್ಯದಲ್ಲಿ.

ಸೋಮವಾರವಿಡೀ ಡಬ್ಬಿ ಠಣ್ ಠಣ್.
ಹೊಡಾನ್ ಮಾತ್ರ ಒಂದನ್ನೂ ಹಾಕಲಿಲ್ಲ,
'ಮಾತು ಕೇಳದ್ದು ಗರಗಸ, ಬೇಕಾದರೆ ಅದೇ ಹಾಕಲಿ.'
ಬುಧವಾರ ಬ್ರಯರ್ 'ಸಾ' ಎಂದು ನಿಂತಳು.
ಅರ್ಧಕ್ಕೆ ಅರ್ಧ ಸ್ಕ್ರೂ ಸಿಗುತ್ತದೆಯೇ ಎಂದು ಪಾ ನಿಯಾ ಕೇಳಿ
ಶೆಡ್ಡಿಗೆ ಶೆಡ್ಡೇ ನಕ್ಕಿತು.
ಗುರುವಾರ ಅಳತೆ ತಪ್ಪಿತು,
ಒಳ್ಳೆಯ ಓಕ್ ಹಲಗೆಯೊಂದು ಗಿಡ್ಡವಾಗಿ ಬಿತ್ತು ಎರಡು ತುಂಡು.
ಎಲ್ಲರ ಕಣ್ಣೂ ಡಬ್ಬಿಯ ಕಡೆ.
ಬ್ರಯರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು
'ಇನ್ನೊಂದು ಹಲಗೆ ಕೊಡಿ' ಅಂದಳು.
ಅಷ್ಟೇ.
ಕೆಳಗೆ ಬಂದರಿನಲ್ಲಿ ಅದಿರಿನ ಹಡಗು ಕೂಗಿತು,
ಸೇತುವೆ ಮೇಲೆದ್ದು ದಾರಿ ಬಿಟ್ಟಿತು.
ಎರಡಕ್ಕೂ ಸಂಬಂಧವಿಲ್ಲ. ನಾನೇ ಸೇರಿಸಿ ನೆನಪಿಟ್ಟೆ.

ಶುಕ್ರವಾರ ಬೆಂಚು,
ಕೂರಲು ಏನೂ ಇಲ್ಲದ ಗುಡ್ಡದ ಮೇಲಿನ ಬಸ್‌ಸ್ಟಾಪಿಗೆ.
ಅರ್ಧ ಕೂಡಿಸುವಷ್ಟರಲ್ಲಿ ಪೆಟ್ಟಿಗೆಯ ಸ್ಕ್ರೂ ಮುಗಿದವು.
ಲೆಂಪಿ ಡಬ್ಬಿಯನ್ನು ಬೋರಲು ಹಾಕಿದಳು.
ಇದ್ದದ್ದು ನಲವತ್ತೊಂದು. ಬೇಕಾದದ್ದು ನಲವತ್ತೆರಡು.
'ಯಾರದಾದರೂ ಬಾಕಿ ಇದೆಯೇ?'
ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು,
ಬಾಯಿ ಬಿಡಲಿಲ್ಲ ಒಬ್ಬರೂ.

ನನ್ನ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಇವೆ, ಲೆಂಪಿಗೂ ಗೊತ್ತು.
ಒಂದೇ ಒಂದನ್ನು ತಂದು ಬ್ರಯರ್‌ಳ ಅಂಗೈಯಲ್ಲಿಟ್ಟೆ.
ಯಾತಕ್ಕೆಂದು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ:

ಒಂದು ಭಾನುವಾರ ಅಡುಗೆಮನೆಯ ನಲ್ಲಿ ಸೋರುತ್ತಿತ್ತು.
ನನ್ನ ಮಗಳು, ಆಗ ಒಂಬತ್ತು,
ಸಿಂಕಿನ ಕೆಳಗೆ ತೆವಳಿ
ಸ್ಪ್ಯಾನರ್ ಹಿಡಿದು ಅಂಗಾತ ಮಲಗಿದ್ದಳು.
'ಎದ್ದು ಬಾ, ಅಪ್ಪ ಮಾಡ್ತಾರೆ' ಅಂದೆ.
ಎದ್ದು ಬಂದಳು. ಕೈ ತೊಳೆದುಕೊಂಡಳು, ಸೋಪು ಹಾಕಿ.
ಅಪ್ಪ ಮಾಡಲಿಲ್ಲ. ತಿಂಗಳು ಸೋರಿ, ಯಾರನ್ನೋ ಕರೆಸಿದೆವು.
ಈಗ ಅವಳಿಗೆ ಹತ್ತೊಂಬತ್ತು,
ಬಲ್ಬು ಹೋದರೂ ಯಾರನ್ನೋ ಕರೆಯುತ್ತಾಳೆ.
ತಪ್ಪಾಯ್ತು ಅಲ್ಲ.
ತಪ್ಪು ಮಾಡಿದೆ. ನಾನು.

ಬೆಂಚಿನ ಒಂದು ಕಾಲು ಕೊಂಚ ಅಲ್ಲಾಡುತ್ತದೆ.
ನಾಲ್ಕೂ ನಲವತ್ತರ ಬಸ್ಸಿಗೆ ಕಾಯುತ್ತ
ಬೆನ್ನುಹಲಗೆ ತಡವುತ್ತೇನೆ, ನನ್ನದು ಯಾವುದೆಂದು ತಿಳಿಯದು,
ಎಲ್ಲದರ ತಲೆಯೂ ಮರದ ಮಟ್ಟಕ್ಕೆ ಇಳಿದಿದೆ.
ದಿನಸಿ ಚೀಲ ಹೊತ್ತ ಹೆಂಗಸೊಬ್ಬಳು ಬಂದು
'ಸಾರಿ, ಸ್ವಲ್ಪ ಸರಿಯುತ್ತೀರಾ' ಎನ್ನುತ್ತಾಳೆ.
ಸರಿಯುತ್ತೇನೆ.
ಮನಸ್ಸಿನಲ್ಲೇ ಎಣಿಸುತ್ತೇನೆ: ಒಂದು.