ಕಿಂಡಿ

ಕರ್ಕ್‌ವಾಲ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಬೆಳಗ್ಗೆ ಆರಕ್ಕೆ ಕೌಂಟರ್ ತೆರೆದು
ಹಳೆಯ ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದು
ದ್ವೀಪಗಳಿಗೆ ಹಾರುವವರನ್ನು ಕೇಳುತ್ತೇನೆ:
ನಿಮ್ಮ ತೂಕ ಎಷ್ಟು?

ಎಂಟೇ ಸೀಟಿನ ವಿಮಾನ, ಸುಳ್ಳು ಹೇಳುವಂತಿಲ್ಲ.
ಆದರೂ ಹೇಳುತ್ತಾರೆ.
ಅಂಚೆಯ ಲಿಂಕ್ಲೇಟರ್ ಎಪ್ಪತ್ತೆಂಟು ಅನ್ನುತ್ತಾನೆ,
ನಾನು ಎಂಬತ್ತಾರು ಬರೆದುಕೊಳ್ಳುತ್ತೇನೆ.
ಬಸುರಿಯರು ಇಬ್ಬರದ್ದೂ ಕೂಡಿಸಿ ಹೇಳಿ ನಗುತ್ತಾರೆ.
ಹೋದ ಚಳಿಗಾಲ ಪಾದ್ರಿಯ ಹೆಂಡತಿ
ಬೂದಿಯ ಡಬ್ಬಿಯನ್ನು ತಕ್ಕಡಿಗಿಡಲು ಒಪ್ಪಲೇ ಇಲ್ಲ,
'ಅವರನ್ನು ನನ್ನ ಲೆಕ್ಕದಲ್ಲೇ ಹಿಡಿ' ಎಂದಳು.
ಹಿಡಿದೆ. ಮೂರು ಕಿಲೋ.

ಐದು ವರ್ಷ ಹೀಗೆ ಊರನ್ನೆಲ್ಲ ತೂಗಿ ತೂಗಿ
ಮೇಲಕ್ಕೆ ಕಳಿಸಿದವಳು,
ನಾನು ನೆಲದಲ್ಲಿ.

ಪೈಲಟ್ ಆಗಲು ಲಕ್ಷ ಪೌಂಡು ಬೇಕಂತೆ.
ಅಪ್ಪನ ದೋಣಿ, ಏಡಿ ಹಿಡಿಯುವ ಇನ್ನೂರು ಬೋನು,
ಬಾಗಿಲು ಮುಚ್ಚದ ಕಾರು, ಅಜ್ಜಿಯ ಪಿಯಾನೊ,
ಎಲ್ಲ ಒಟ್ಟಿಗೆ ಇಟ್ಟರೂ
ಮುಳ್ಳು ಕಾಲುಭಾಗಕ್ಕೆ ಬಂದು ತೂಕಡಿಸುತ್ತದೆ.
ಅದಕ್ಕೇ ಬರೆದೆ, ಹತ್ತೊಂಬತ್ತು ಕಂಪನಿಗಳಿಗೆ:
ನೀವು ಕಲಿಸಿ, ದುಡಿದು ತೀರಿಸುತ್ತೇನೆ.
ಹದಿನಾಲ್ಕು ಮೌನ, ನಾಲ್ಕು ವಿಷಾದ.
ಒಂದು ಮಾತ್ರ ಬಾ ಎಂದಿತು, ಮ್ಯಾಂಚೆಸ್ಟರ್‌ಗೆ.

ಹೊರಟ ದಿನ ಕಡಲಮಂಜು, ವಿಮಾನವಿಲ್ಲ.
ಹಾರುವ ಕೆಲಸ ಕೇಳಲು ಹಡಗಿನಲ್ಲಿ ಹೋದೆ,
ಆಮೇಲೆ ಬಸ್ಸು, ಆಮೇಲೆ ರೈಲು,
ಮಡಿಲಲ್ಲಿ ಇಸ್ತ್ರಿ ಮಾಡಿದ ಅಂಗಿ.

ನಾಲ್ಕು ಸಾವಿರ ಅರ್ಜಿ, ಹನ್ನೆರಡು ಜಾಗ.
ಚುಕ್ಕಿಗಳ ಸಂತೆಯಲ್ಲಿ ಅಡಗಿದ ಅಂಕಿ ಹುಡುಕಿದೆವು.
ಎಡಗೈಯಲ್ಲಿ ಕೋಲು ತಿರುಗಿಸುತ್ತ ಬಾಯಲ್ಲಿ ಮಗ್ಗಿ ಹೇಳಿದೆವು.
ಪಕ್ಕದಲ್ಲಿ ಡಡ್ಲಿಯ ಶಫ್ಕತ್, ರಾತ್ರಿ ಟ್ಯಾಕ್ಸಿ ಓಡಿಸುವವನು,
ಇದು ಅವನ ಮೂರನೇ ಸಲ, ಟೈ ಭಾವನದು.
ಮಧ್ಯಾಹ್ನ ಒಂದೇ ಪೊಟ್ಟಣದ ಆಲೂ ಹಂಚಿ ತಿಂದೆವು,
ಉಪ್ಪು ಜಾಸ್ತಿಯಾಗಿತ್ತು.

ಕೊನೆಯ ಕೋಣೆಯಲ್ಲಿ ಮೂವರು.
ನಡುವಿನ ಹೆಂಗಸು ಕೇಳಿದಳು:
'ನಿನ್ನ ಮೇಲೆ ನಾವೇಕೆ ಹಣ ಹಾಕಬೇಕು?'
ಆಕಾಶ, ಬಾಲ್ಯ, ಕನಸು ಎಂದೆಲ್ಲ
ಕನ್ನಡಿಯೆದುರು ಬಾಯಿಪಾಠ ಮಾಡಿದ್ದು ನಾಲಗೆಗೆ ಬರಲಿಲ್ಲ.
'ಜನ ತಮ್ಮ ತೂಕ ಕಡಿಮೆ ಹೇಳುತ್ತಾರೆ' ಎಂದೆ,
'ನಾನು ಇದ್ದದ್ದನ್ನು ಬರೆಯುತ್ತೇನೆ.'
ಆಕೆ ಏನೋ ಗೀಚಿಕೊಂಡಳು. ಅಷ್ಟೇ.

ಮುಚ್ಚಳಿಕೆ ಬಂದದ್ದು ಮಂಗಳವಾರ, ಮೂವತ್ತೊಂದು ಪುಟ.
ಅದೇ ಸಂಜೆ ಶಫ್ಕತ್‌ನ ಸಂದೇಶ:
'ಈ ಸಲವೂ ಇಲ್ಲ. ನಿನ್ನದು?'
ಇನ್ನೂ ಉತ್ತರಿಸಿಲ್ಲ.

ಅಪ್ಪ ಕೈ ತೊಳೆದು, ಒರೆಸಿ, ಮತ್ತೊಮ್ಮೆ ತೊಳೆದು
ದೀಪದ ಕೆಳಗೆ ಓದಲು ಕೂತ.
ಏಳು ವರ್ಷ ಅವರಲ್ಲೇ ದುಡಿಯಬೇಕು.
ನಡುವೆ ಬಿಟ್ಟರೆ ಸಾಲ ಪೂರ್ತಿ ನನ್ನದು,
ಕಣ್ಣೋ ಕಿವಿಯೋ ಕೈಕೊಟ್ಟರೂ ನನ್ನದು.
ನನ್ನಿಂದಾಗದಿದ್ದರೆ, ಜಾಮೀನು ನಿಂತ ಅಪ್ಪನದು.
ಕಂಪನಿಯೇ ಮುಳುಗಿದರೆ?
ಅದರ ಬಗ್ಗೆ ಮೂವತ್ತೊಂದೂ ಪುಟ ಬಾಯಿ ಬಿಡುವುದಿಲ್ಲ.

ಒಂಬತ್ತು ಗಂಟೆಗೆ ಕನ್ನಡಕ ತೆಗೆದ.
'ನನ್ನ ಬೋನಿನಲ್ಲೂ ಒಂದು ಕಿಂಡಿ ಬಿಟ್ಟಿರುತ್ತೇನೆ,
ಮರಿ ಏಡಿ ಹೊರಗೆ ಹೋಗಲಿ ಅಂತ.
ಇದರಲ್ಲಿ ಕಿಂಡಿ ಎಲ್ಲಿದೆ, ಥೋರಾ?'

ಹುಡುಕಿದೆ. ಅವನೂ ಹುಡುಕಿದ, ಬೆರಳಿಟ್ಟು, ಸಾಲು ಸಾಲು.
ಆಮೇಲೆ, ಕಿಂಡಿ ಸಿಕ್ಕದೆಯೇ,
ತನ್ನ ಹೆಸರನ್ನು ದೋಣಿಯ ಮೇಲೆ ಬರೆದಷ್ಟೇ ದಪ್ಪಗೆ ಬರೆದು
ಪೆನ್ನನ್ನು ನನ್ನ ಕಡೆ ಉರುಳಿಸಿದ.

ಈ ಬೆಳಗ್ಗೆ ಯಾರೂ ಬರುವ ಮೊದಲು
ಮುಚ್ಚಳಿಕೆ ಹಿಡಿದುಕೊಂಡೇ ತಕ್ಕಡಿ ಹತ್ತಿದೆ: ಅರವತ್ತೊಂದು.
ಕೆಳಗಿಟ್ಟು ಹತ್ತಿದೆ: ಅರವತ್ತೊಂದು.
ನನ್ನ ಸಹಿಯ ಜಾಗ ಇನ್ನೂ ಖಾಲಿ.

ಬಾಗಿಲು ತಳ್ಳಿಕೊಂಡು ಗಾಳಿ, ಗಾಳಿಯ ಹಿಂದೆ ಲಿಂಕ್ಲೇಟರ್.
ನಿಮ್ಮ ತೂಕ?
'ಎಪ್ಪತ್ತೆಂಟು, ಯಾವಾಗಿನಂತೆ.'

ಎಂಬತ್ತಾರು ಎಂದು ಬರೆದೆ.
ಪೆನ್ನು ಕೈಯಲ್ಲೇ ಇತ್ತು.