ಎಂತದೂ ಇಲ್ಲದ್ದಕ್ಕೆ

ತಳೇಕರ್ ಸರ್ ಜೇಬಿನಲ್ಲೊಂದು ಮೊಂಡು ಪೆನ್ಸಿಲ್.
ನಮಗೂ ಒಂದೊಂದು ಕೊಡಿಸಿದ್ದಾರೆ.
ಪರೀಕ್ಷೆ ಬರೆಯುವುದು ಪೆನ್ನಿನಲ್ಲಿ,
ಅದರ ಬಲಕ್ಕೆ, ಅಂಚಿನಲ್ಲಿ, ದರ ಪೆನ್ಸಿಲಿನಲ್ಲಿ.
ನಾವು ಐದು ಜನ ಹೌಸ್ ಸರ್ಜನ್ನರು
ಅವರ ಬೆನ್ನ ಹಿಂದೆ ಕಣ್ಣಲ್ಲೇ ನಗುತ್ತಿದ್ದೆವು.
ಸರಕಾರಿ ಆಸ್ಪತ್ರೆ, ಇಲ್ಲಿ ಯಾವುದಕ್ಕೆ ದುಡ್ಡು?

ಶೇವಂತಿ ಹರಿಕಂತ್ರ. ಐವತ್ತೆರಡು. ಬೈತಖೋಲ.
ಮೂರು ವಾರದ ಸೊಂಟನೋವು.
ನಾನು ಸಿಂಧನೂರಿನವಳು, ಬರೆಯುವುದರಲ್ಲಿ ಚುರುಕು:
ಎಂಆರ್‌ಐ, ವಿಟಮಿನ್ ಡಿ, ಬಿ ಹನ್ನೆರಡು,
ಥೈರಾಯ್ಡೂ ಇರಲಿ.
ಪೆನ್ಸಿಲ್ ಎಲ್ಲೋ ಬಿದ್ದುಹೋಗಿತ್ತು. ಅಂಚು ಖಾಲಿ.
ನಮ್ಮ ಮಶೀನು ಕೆಟ್ಟು ಹನ್ನೊಂದು ದಿನ,
ಹೊರಗೆ ಮಾಡಿಸಿಕೊಂಡು ಬಾ ಎಂದೆ.
ಹೊರಗೆ ಎಂದರೆ ಪೇಟೆಯೋ, ಕಾಳಿ ಸೇತುವೆ ದಾಟಿ ಗೋವೆಯೋ,
ಅವಳು ಕೇಳಲಿಲ್ಲ.
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಮೂರನೇ ದಿನ ದೊಡ್ಡ ಲಕೋಟೆ ಎದೆಗವಚಿಕೊಂಡು ಬಂದಳು.
ಸರ್ ಅದನ್ನು ಬಿಚ್ಚಲಿಲ್ಲ.
ಸ್ಟೂಲ್ ಎಳೆದು ಕೂತರು, ಊರ ಸುದ್ದಿಗೆ ಕೂತ ಹಾಗೆ.
ಬುಟ್ಟಿ ಎಷ್ಟು ಭಾರ ಶೇವಂತಿ?
ಬಂಗಡೆ ಸಿಕ್ಕ ದಿನ ಮೂವತ್ತು ಕಿಲೋ ಆಗ್ತದೆ.
ತಲೆಗೆ ಏರಿಸ್ಲಿಕ್ಕೆ ಯಾರು ಕೈ ಕೊಡೂದು?
ಮಗಳಿದ್ಲು. ಮದ್ವೆ ಆಗಿ ಬೇಲೇಕೇರಿಗೆ ಹೋದ್ಲು.
ಯಾವಾಗ?
ತಿಂಗಳಾಯ್ತು.

ಮದುವೆಗೆ ಒಂದು ತಿಂಗಳು. ನೋವಿಗೆ ಮೂರು ವಾರ.
ಸರ್ ಒಂದೊಂದೇ ಕಾಲೆತ್ತಿ ನೋಡಿದರು,
ಹೆಬ್ಬೆರಳಲ್ಲಿ ಬೆನ್ನಿನುದ್ದಕ್ಕೆ ಇಳಿದರು,
ಸುತ್ತಿಗೆಯಿಂದ ಮಂಡಿ ತಟ್ಟಿದರು, ಅದು ಎಗರಿತು.
ಇದರ ದರ ಬರೆ ಎಂದರು ನನಗೆ.
ಎಷ್ಟು ಸರ್?
ಏಳು ನಿಮಿಷ. ನಿನ್ನವು.

ಆಗ ಕಂಡಿತು ಅವಳ ಕಿವಿ.
ದಾಖಲಾದ ದಿನ ಓಲೆ ಇತ್ತು, ಹರಳು ಕೆಂಪು.
ಈಗ ತೂತು ಮುಚ್ಚದಿರಲೆಂದು
ಹಿಡಿಕಡ್ಡಿಯ ಚೂರು, ಎರಡೂ ಕಡೆ.
ಸರ್ ಆ ಕಡ್ಡಿ ನೋಡಿದರು, ನನ್ನನ್ನು ನೋಡಿದರು.
ಬೈದಿದ್ದರೆ ಚೆನ್ನಾಗಿತ್ತು.

ಅದ್ರಲ್ಲಿ ಎಂತ ಕಂಡ್ತು ಡಾಕ್ಟರ್ ಬಾಯಿ?
ಎಂತದೂ ಇಲ್ಲ, ಎಲ್ಲಾ ಸರಿ ಇದೆ ಎಂದೆ,
ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ.
ಅವಳು ನಕ್ಕಳು, ಸೊಂಟ ಹಿಡಿದುಕೊಂಡು:
ಎಂತದೂ ಇಲ್ಲದ್ದಕ್ಕೆ ಆರೂವರೆ ಸಾವ್ರವಾ?

ಆಮೇಲೆ ನಾನು ಕೈ ಬಿಗಿಮಾಡಿದೆ.
ಹದಿನೈದು ದಿನ ಅಂಚಿನ ತುಂಬ ಸೊನ್ನೆ, ನನಗೇ ಹೆಮ್ಮೆ.
ಟ್ರಾಲರಿನಲ್ಲಿ ದುಡಿಯುವ ಒಡಿಶಾದ ಹುಡುಗ, ಕುನು,
ಹೊಟ್ಟೆ ಹಿಡಿದು ಬಂದ. ಗ್ಯಾಸ್ ಎಂದುಕೊಂಡೆ.
ಸ್ಕ್ಯಾನ್ ಯಾಕೆ, ಪಾಪ, ಬಡವ.
ರಾತ್ರಿ ಎರಡಕ್ಕೆ ಅಪೆಂಡಿಕ್ಸ್ ಒಡೆಯುವ ಅಂಚಿನಲ್ಲಿತ್ತು.
ಚಪ್ಪಲಿಯಲ್ಲೇ ಓಡಿ ಬಂದ ಸರ್ ಅಂದು ಕೂಗಿದರು:
ಜಿಪುಣತನ ಕಲಿಸಿದ್ದೇನಾ ನಿನಗೆ?
ಪೆನ್ಸಿಲ್ ಕೊಟ್ಟಿದ್ದು ಬರೆಯಲಿಕ್ಕೆ, ಹೊಡೆದು ಹಾಕಲಿಕ್ಕಲ್ಲ.
ತಾವೇ ಬರೆದರು, ಸ್ಕ್ಯಾನ್. ಬಲಕ್ಕೆ ದರ.
ದರದ ಕೆಳಗೊಂದು ಗೆರೆ, ಒತ್ತಿ,
ಮೊನೆ ಮುರಿಯುವಷ್ಟು.
ಹುಡುಗ ಬದುಕಿದ. ಆ ಹಾಳೆ ನನ್ನ ಹತ್ತಿರವೇ ಇದೆ.

ಮೊನ್ನೆ ಭಾನುವಾರ ಮೀನುಪೇಟೆ ದಾಟುವಾಗ
ಬುಟ್ಟಿಯ ಮೇಲೆ ಬಿಸಿಲಿಗೆ ಅಡ್ಡ ಕಟ್ಟಿದ ಕಪ್ಪು ಹಾಳೆ,
ಅದರೊಳಗೆ ಬೂದು ಬಣ್ಣದಲ್ಲಿ ಶೇವಂತಿಯ ಬೆನ್ನುಮೂಳೆ,
ಸಾಲು ಸಾಲು, ಇಪ್ಪತ್ತು ಸಲ,
ಕೆಳಗೆ ಬಂಗಡೆಗಳ ಮೇಲೆ ನೆರಳಾಗಿ ಬಿದ್ದಿತ್ತು.
ಪಕ್ಕದಲ್ಲಿ ಬುಟ್ಟಿ ಎತ್ತಿಕೊಡಲು ಹೊಸದೊಂದು ಹುಡುಗಿ.
ಕಿವಿಯಲ್ಲಿ ಇನ್ನೂ ಕಡ್ಡಿ.

ನಾನು ಮೀನು ತಿನ್ನುವವಳಲ್ಲ. ಆದರೂ ನಿಂತೆ.
ಹಾಳೆ ಸರಿಸುವ ಮೊದಲೇ ಹೇಳಿದಳು:
ನೂರಕ್ಕೆ ಎಂಟು, ಬಾಯಿ.
ಬೇಕೋ ಬೇಡ್ವೋ ಆಮೇಲೆ ನೋಡು.
ನಾವು ದರ ಮೊದಲೇ ಹೇಳೂದು.