ಒಳಗೆ ಬಿಟ್ಟ ಎರಡಿಂಚು

ದುರ್ಗಿಗುಡಿಯಲ್ಲಿ ಝೆರಾಕ್ಸ್ ಅಂಗಡಿಯ ಪಕ್ಕ
ಶಾಲೆಯ ಸಮವಸ್ತ್ರ ಹೊಲಿಯುವವಳು ನಾನು.
ಮೇ ತಿಂಗಳೆಂದರೆ ಊರಿನ ಅರ್ಧ ಮಕ್ಕಳ ಸೊಂಟ
ನನ್ನ ಟೇಪಿನೊಳಗೆ ಹಾದುಹೋಗುತ್ತದೆ.
"ಎರಡಿಂಚು ಒಳಗೆ ಬಿಟ್ಟಿರಿ, ಬೆಳೆಯೋ ಹುಡುಗ"
ಎಲ್ಲ ತಾಯಂದಿರದೂ ಅದೇ ಮಾತು.
ನನ್ನ ಮಗನಿಗೆ ನಾನೂ ಬಿಟ್ಟಿದ್ದೆ.
ಆ ಎರಡಿಂಚು ದಸರೆಗೆ ಮೊದಲೇ ಮುಗಿಯಿತು.

ಒಂದನೇ ಕ್ಲಾಸು. ಹೆಸರು ಹೇಮಂತ.
ಹಾಗೆ ಕರೆಯುತ್ತಿದ್ದದ್ದು ಹಾಜರಿ ಪುಸ್ತಕವೊಂದೇ.
ಮನೆಗೆ ಗುಂಡ, ಬೀದಿಗೆ ಗುಂಡ,
ಬೇಕರಿಯವನಿಗೆ "ಗುಂಡಪ್ಪ ಸಾಹುಕಾರ್ರು."
ಕೆನ್ನೆ ಹಿಂಡಿದ ಕೈಯೇ ಬೆಣ್ಣೆ ಬಿಸ್ಕತ್ತನ್ನೂ ಕೊಡುತ್ತಿತ್ತು.
ನನಗೂ ಒಳಗೊಳಗೇ ಹೆಮ್ಮೆ:
ನಾನು ಅವನಷ್ಟಿದ್ದಾಗ ನಮ್ಮ ಮನೆಯ ಗಂಜಿಯಲ್ಲಿ
ಮುಖ ನೋಡಿಕೊಳ್ಳಬಹುದಿತ್ತು.

ಶಾಲೆಯ ತಪಾಸಣೆಯಿಂದ ಚೀಟಿ ಬಂತು.
ಆಸ್ಪತ್ರೆಯ ಡಾಕ್ಟರಮ್ಮ ಅವನನ್ನು
ಹೊರಗಿನ ಮೀನಿನ ತೊಟ್ಟಿ ನೋಡಲು ಕಳಿಸಿ
ಇವನು ಏನು ತಿನ್ನುತ್ತಾನೆ ಎಂದು ಕೇಳಲೇ ಇಲ್ಲ.
"ನೀವು ಎಷ್ಟು ಗಂಟೆಗೆ ಉಣ್ಣುತ್ತೀರಿ? ಎಲ್ಲಿ ಕೂತು?
ಅವನು ಅತ್ತಾಗ ನಿಮ್ಮ ಕೈಗೆ ಮೊದಲು ಸಿಗುವುದೇನು?"
ನಾನು ಬ್ಯಾಗಿನ ಜಿಪ್ಪು ಮೆಲ್ಲಗೆ ಎಳೆದುಕೊಂಡೆ.
ಒಳಗಿತ್ತು ಐದು ರೂಪಾಯಿಯ ಪ್ಯಾಕೆಟ್ಟು,
ಸೂಜಿ ಗೀಜಿ ಚುಚ್ಚಿದರೆ ಇರಲಿ ಎಂದು ತಂದದ್ದು.

ಮೊದಲ ವಾರ ನಾನೇ ಪೊಲೀಸು.
ಡಬ್ಬಕ್ಕೆ ಬೀಗ. ಚಪಾತಿಗೆ ಲೆಕ್ಕ.
ದಿನಾ ಬೆಳಿಗ್ಗೆ ಹಲ್ಲುಜ್ಜಿದೊಡನೆ ಟೇಪು.
ಅವನು ಹೊಟ್ಟೆಯನ್ನು ಒಳಗೆಳೆದು,
ಉಸಿರು ಬಿಡದೆ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ.
ಗುರುವಾರ ಬಟ್ಟೆ ಚೂರಿನ ಚೀಲಕ್ಕೆ ಕೈಹಾಕಿದರೆ
ತಳದಲ್ಲಿ ಅರ್ಧ ಕಚ್ಚಿದ ಬೆಲ್ಲದಚ್ಚು,
ನೀಲಿ ನೂಲು ಮೆತ್ತಿಕೊಂಡು.

ಬೈಯಲು ಬಾಯಿ ತೆರೆದಿದ್ದೆ, ನಿಜ.
ಅಷ್ಟರಲ್ಲಿ ಅವನಪ್ಪ ಗೂಡ್ಸ್ ಆಟೋ ನಿಲ್ಲಿಸಿ ಒಳಬಂದರು,
ಕಂಕುಳಲ್ಲಿ ಎರಡು ಲೀಟರಿನ ಕಿತ್ತಳೆ ಬಣ್ಣದ ಬಾಟಲಿ,
ಮಗ ಮಲಗಿದ ಮೇಲೆ ಕುಡಿಯಲಿಕ್ಕೆ.
ಬಚ್ಚಿಡುವುದನ್ನು ಅವನು ಎಲ್ಲಿ ಕಲಿತ ಎಂದು
ಮನೆಯಲ್ಲಿ ಯಾರೂ ಕೇಳಬೇಕಾಗಿ ಬರಲಿಲ್ಲ.

"ತಿನ್ನೋ ಕೂಸಿನ ಕೈ ಹಿಡಿಯೋದು ಪಾಪ ಕಣೇ" ಎಂದು
ಅತ್ತೆ ಮೂರು ದಿನ ಮಾತು ಬಿಟ್ಟರು.
ನಾಲ್ಕನೇ ದಿನ ತಾವೇ ಚಕ್ಕುಲಿ ಡಬ್ಬ ಇಳಿಸಿ ಪಕ್ಕದ ಮನೆಗೆ ಕೊಟ್ಟು
ಮೊಮ್ಮಗನನ್ನು ಅವರೆಕಾಯಿ ಬುಟ್ಟಿಯ ಮುಂದೆ ಕೂರಿಸಿದರು:
"ಹುಳ ಹುಡುಕು. ಒಂದು ಹುಳಕ್ಕೆ ಒಂದು ಕಥೆ."
ಆ ರಾತ್ರಿ ಸಾರಿನಲ್ಲಿ ತಾನು ಸುಲಿದ ಕಾಳು ಯಾವುವೆಂದು
ಅವನೊಬ್ಬನಿಗೇ ಗೊತ್ತಿತ್ತು.
ಆರಿಸಿ ಆರಿಸಿ ತಿಂದ.

ಟಿವಿಗೆ ಈಗ ಎಂಟು ಗಂಟೆಗೆ ಮುಸುಕು, ಹಳೆಯ ಲಂಗದ ಬಟ್ಟೆಯದು.
ಊಟ ನೆಲದ ಮೇಲೆ, ನಾಲ್ವರಿಗೂ ಒಂದೇ ಪಲ್ಯ.
ಸಂಜೆ ಮಷಿನ್ನು ನಿಲ್ಲಿಸಿ ತುಂಗೆಯ ಸೇತುವೆವರೆಗೆ ನಡಿಗೆ.
ಮೊದಲು ಏದುಸಿರು ಬಿಡುವುದು ಅವನಪ್ಪ;
ಮಗನಿಗೆ ಅದೇ ದೊಡ್ಡ ಖುಷಿ.
ಬೇಕರಿಯೆದುರು ಮೂವರೂ ಸ್ವಲ್ಪ ಬೇಗ ಹೆಜ್ಜೆ ಹಾಕುತ್ತೇವೆ.
ಕೆಲವು ದಿನ ಹಾಕುವುದಿಲ್ಲ.
ಹೋದ ಶನಿವಾರ ಒಂದು ಪ್ಲೇಟು ಮಿರ್ಚಿ, ಮೂರು ಪಾಲು.
ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡೆ.
"ಮೂರು ಪಾಲು ತಾನೆ?" ಎಂದರು, ಬರೆದುಕೊಳ್ಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಗುಂಡ ಅನ್ನುವುದನ್ನು ಬಿಡಲು.
ನಾಲಿಗೆಗೆ ತಿನ್ನುವುದೊಂದೇ ಅಲ್ಲ ಚಟ.
ಅತ್ತೆ ಈಗಲೂ "ಗುಂ" ಎಂದು ಶುರುಮಾಡಿ,
ಕೆಮ್ಮಿ, "ಹೇಮಂತಾ" ಎನ್ನುತ್ತಾರೆ.

ನಿನ್ನೆ ಗಿರಾಕಿ ಬಂದಾಗ ಟೇಪು ಕಾಣಲಿಲ್ಲ.
ಹೊರಗೆ ಝೆರಾಕ್ಸ್ ಅಂಗಡಿಯವನ ಮಗಳು
ಅದರ ಒಂದು ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು,
ಇನ್ನೊಂದು ತುದಿ ಇವನ ಹಿಮ್ಮಡಿಯ ಕೆಳಗೆ.
"ಅಮ್ಮಾ, ನಲವತ್ತೊಂದು ಹಾರಿದೆ!"
ಒಳಗೆ ಯಾರದೋ ತಾಯಿ ಎರಡಿಂಚಿನ ಮಾತು ಶುರುಮಾಡಿದ್ದರು.
"ಇನ್ನೊಂದು ಸಲ ಹಾರು," ಎಂದೆ,
"ನಾನು ನೋಡಿರಲಿಲ್ಲ."